ಕಡಲೆಕಾಯಿಗೂ ಶೇಕಡ 10

ಹಾಂಗ್‌ಕಾಂಗ್ ಸರ್ಕಾರ 2024ರ ಜೂನ್‌ನಲ್ಲಿ ತನ್ನ ಪ್ರಜೆಗಳಿಗೆ ನಗಲು ಕರೆಕೊಟ್ಟದ್ದು ನೆನಪಿರಬಹುದು. ಬಂದ ಪ್ರವಾಸಿಗರ ಜೊತೆ ಎಲ್ಲರೂ ಇನ್ನಷ್ಟು ಸೌಜನ್ಯದಿಂದ ವರ್ತಿಸಬೇಕೆಂಬ ಅಭಿಯಾನ. 2002ರಲ್ಲೂ ಇಂಥದೇ ಜಾಹೀರಾತು ಬಂದಿತ್ತು; ಈ ಕಾಲಕ್ಕೆ ಇಂಥ ಸೇವೆ ಸಾಲದು ಎಂದು ನಟ ಆ್ಯಂಡಿ ಲೌ ಟಿವಿಯಲ್ಲಿ ಬುದ್ಧಿ ಹೇಳಿದ್ದ. 22 ವರ್ಷ ಕಳೆದರೂ ಮಾಣಿ ನಕ್ಕಿರಲಿಲ್ಲ. ನಗು ಬರುವುದು ನಮಗೆ, ಅದೂ ಬಿಲ್ ಬಂದ ಮೇಲೆ.

ಮನೆಮಂದಿಯೆಲ್ಲ ಕ್ಯಾಂಟನೀಸ್ ಹೋಟೆಲಿಗೆ ರಾತ್ರಿಯೂಟಕ್ಕೆ ಹೋದರೆ ಮೊದಲು ಮಾಡುವ ಕೆಲಸ ಪಾತ್ರೆ ತೊಳೆಯುವುದು. ತಮಾಷೆಯಲ್ಲ. ದುಂಡುಮೇಜಿನ ಮೇಲೆ ಒಂದು ಬೋಗುಣಿ, ಪಕ್ಕದಲ್ಲಿ ಬಿಸಿ ಟೀ. ಹಿರಿಯರೊಬ್ಬರು ಎಲ್ಲರ ಬಟ್ಟಲು, ಚಾಪ್‌ಸ್ಟಿಕ್‌ಗಳನ್ನು ಅದರಲ್ಲಿ ಜಾಲಿಸುತ್ತಾರೆ. ಹೋಟೆಲಿನವರು ತೊಳೆದಿರುತ್ತಾರೆಂಬ ನಂಬಿಕೆ ಹೋಟೆಲಿನವರಿಗೂ ಇದ್ದಂತಿಲ್ಲ; ಇದ್ದಿದ್ದರೆ ಬೋಗುಣಿಯನ್ನು ಅವರೇ ಏಕೆ ತಂದಿಡುತ್ತಿದ್ದರು? ಆಮೇಲೆ ಮೇಜಿಗಂಟಿಸಿದ ಕ್ಯುಆರ್ ಕೋಡ್‌ಗೆ ಮೊಬೈಲ್ ಹಿಡಿದು ಆರ್ಡರನ್ನೂ ನಾವೇ ಬರೆದುಕೊಳ್ಳಬೇಕು. ಕೆಟಲಿನ ಮುಚ್ಚಳ ವಾರೆ ಮಾಡಿಟ್ಟರೆ ಬಿಸಿನೀರು ತಂದು ತುಂಬಬೇಕೆಂಬುದು ಸಂಪ್ರದಾಯ. ಯಾವಾಗ ಎಂಬ ಬಗ್ಗೆ ಸಂಪ್ರದಾಯ ಮೌನವಾಗಿದೆ.

ಟೀ ಬಗ್ಗಿಸಿದವರಿಗೆ ಬೆರಳಿನಿಂದ ಮೇಜು ತಟ್ಟಿ ಕೃತಜ್ಞತೆ ತೋರುವ ಪದ್ಧತಿಯೂ ಇದೆ. ಚೀನಾದ ಚಿಯೆನ್‌ಲುಂಗ್ ಚಕ್ರವರ್ತಿ ಮಾರುವೇಷದಲ್ಲಿ ತಿರುಗುವಾಗ ಸೇವಕನ ಬಟ್ಟಲಿಗೆ ತಾನೇ ಟೀ ಸುರಿದನಂತೆ. ಅಡ್ಡಬಿದ್ದರೆ ಗುಟ್ಟು ರಟ್ಟು. ಸೇವಕ ಬೆರಳುಗಳನ್ನು ಮಡಿಸಿ ಮೇಜಿನ ಮೇಲೆ ಅವುಗಳನ್ನೇ ಅಡ್ಡಬೀಳಿಸಿದ. ಸೊಗಸಾದ ಕಥೆ. ಚಕ್ರವರ್ತಿ ಆ ಟೀಗೆ ತಲೆಗಿಷ್ಟು ಎಂದು ವಸೂಲು ಮಾಡಿದನೆಂದು ಮಾತ್ರ ಯಾರೂ ಹೇಳುವುದಿಲ್ಲ.

ಹೋಟೆಲ್ ಮಾಡುತ್ತದೆ. ಟೀ ಕುಡಿಯಲೇಬೇಕೆಂದಿಲ್ಲ, ಕುಳಿತರೆ ಸಾಕು. ತೊಡೆಯ ಮೇಲಿನ ಮಗುವನ್ನೂ ಎಣಿಸುವ ಮಹಾನುಭಾವರಿದ್ದಾರೆ. ಕೇಳದೆ ತಂದಿಟ್ಟ ಕಡಲೆಕಾಯಿಗೆ ಬೇರೆ ಲೆಕ್ಕ. ಇಷ್ಟರ ಮೇಲೆ ಶೇಕಡ 10 ಸೇವಾ ಶುಲ್ಕ: ನಾವೇ ತೊಳೆದ ಬಟ್ಟಲಿಗೆ, ನಾವೇ ಬರೆದ ಆರ್ಡರಿಗೆ, ನಾವೇ ಬಗ್ಗಿಸಿಕೊಂಡ ಟೀಗೆ. ಹಾಂಗ್‌ಕಾಂಗಿನಲ್ಲಿ ಜಿಎಸ್‌ಟಿಯೂ ಇಲ್ಲ, ವ್ಯಾಟೂ ಇಲ್ಲ ಎಂದು ಊರಿನ ನೆಂಟರಿಗೆ ಹೊಟ್ಟೆಕಿಚ್ಚು. ಪಡಲಿ ಪಾಪ. ಸೇವಾ ಶುಲ್ಕವನ್ನು ಕಡ್ಡಾಯ ಮಾಡುವಂತಿಲ್ಲ ಎಂದು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟಿದೆ. ಇಲ್ಲಿ ಅದು ಬಿಲ್ಲಿನ ಜೊತೆಗೇ ಹುಟ್ಟಿಬರುತ್ತದೆ.

ಆ ದುಡ್ಡು ಮಾಣಿಗಾದರೂ ಸೇರುತ್ತದೆಯೇ? ಸೇರಲೇಬೇಕೆಂದು ಕಾನೂನಿಲ್ಲ, ಬಹಳಷ್ಟು ಕಡೆ ಅದು ಗಲ್ಲಾಪೆಟ್ಟಿಗೆಯಿಂದ ಹೊರಬರುವುದಿಲ್ಲ. ಅರವತ್ತು ದಾಟಿದ ಹೆಂಗಸು ಉಗಿಯಾಡುವ ತಟ್ಟೆ ಹೊತ್ತು ಮೇಜಿನಿಂದ ಮೇಜಿಗೆ ಓಡುತ್ತಾಳೆ. 2025ರ ಮೇ ತಿಂಗಳಲ್ಲಿ ಗಂಟೆಯ ಕನಿಷ್ಠ ಕೂಲಿಯನ್ನು 42.1 ಹಾಂಗ್‌ಕಾಂಗ್ ಡಾಲರಿಗೆ ಏರಿಸಿದರು. ಅವಳು ಬಡಿಸುವ ಮೀನಿನ ಬಾಲವೂ ಅದಕ್ಕೆ ಬರುವುದಿಲ್ಲ. ಅವಳು ಏಕೆ ನಗಬೇಕು? ಜಮೀನು ಹರಾಜು ಹಾಕಿ ಬೊಕ್ಕಸ ತುಂಬಿಸಿಕೊಳ್ಳುತ್ತ ಬಂದ ಸರ್ಕಾರಕ್ಕೆ ಹೋಟೆಲಿನ ಬಾಡಿಗೆ ಕಾಣುವುದಿಲ್ಲ, ಅವಳ ತುಟಿ ಕಾಣುತ್ತದೆ. ನಗಿ ಎಂಬ ಈ ಉಪದೇಶ ಕೇಳಿ ಕೇಳಿ ಸಾಕಾಗಿದೆ.

ಜನ ತಮ್ಮ ದಾರಿ ಹಿಡಿದಿದ್ದಾರೆ. ಕೋವಿಡ್‌ಗೆಂದು ಮುಚ್ಚಿದ್ದ ಗಡಿ 2023ರಲ್ಲಿ ತೆರೆದದ್ದೇ ತಡ, ವಾರಾಂತ್ಯ ಬಂತೆಂದರೆ ಅಜ್ಜಿ, ಮೊಮ್ಮಕ್ಕಳ ಸಮೇತ ಗಡಿಯಾಚೆಯ ಚೀನೀ ನಗರ ಶೆನ್‌ಜೆನ್‌ಗೆ ಊಟಕ್ಕೆ ಹೊರಡುತ್ತಾರೆ. ವೇಗದ ರೈಲಿನಲ್ಲಿ ಕಾಲು ಗಂಟೆ. ಅವರನ್ನು ತಡೆಯಲು ಸರ್ಕಾರ ಅದೇ ವರ್ಷ ರಾತ್ರಿ ಸಂತೆಗಳನ್ನೂ ಏರ್ಪಡಿಸಿತು. ಶೆನ್‌ಜೆನ್‌ನಲ್ಲೂ ಟೀಗೆ ತಲೆಗಿಷ್ಟು ಎಂದು ಹಿಡಿಯುತ್ತಾರೆ. ಆ ಶೇಕಡ 10 ಸಾಮಾನ್ಯವಾಗಿ ಇರುವುದಿಲ್ಲ, ಊಟ ಅಗ್ಗ. ಅಲ್ಲಿಯ ಮಾಣಿ ನಗುತ್ತಾನೋ ಇಲ್ಲವೋ ಎಂದು ಹೋಗಿಬಂದವರು ಯಾರೂ ಹೇಳಿದ್ದಿಲ್ಲ.