ಮಾರಿಯೋ, ನಾಲ್ಕು ಪೆನ್ಸಿಲ್ ಸೆಲ್ಲು ಮತ್ತು ಹೀರೇಕಾಯಿ

ಅಮೆರಿಕದಿಂದ ಬಂದಿದ್ದ ಅತ್ತೆಮಗ ಕೈಯಲ್ಲಿ ಹಿಡಿದು ಆಡುವ ತನ್ನ ಹಳೇ ಗೇಮ್ ಬಾಯ್ ಯಂತ್ರ ಕೊಟ್ಟು, "ಇಟ್ಕೋ, ನನಗೆ ಟೈಮಿಲ್ಲ" ಎಂದ. ನನಗೆ ಟೈಮಿದೆ ಎಂದು ಅವನಿಗೆ ಯಾರು ಹೇಳಿದರೋ! ಅದರೊಳಗಿದ್ದ ಕ್ಯಾಸೆಟ್ಟು ಸೂಪರ್ ಮಾರಿಯೋ ಲ್ಯಾಂಡ್. ಮಾರಿಯೋ ಎಂಬವನನ್ನು ಓಡಿಸಿ, ನೆಗೆಸಿ, ರಾಜಕುಮಾರಿ ಡೇಸಿಯನ್ನು ಬಿಡಿಸಬೇಕು. 1989ರಲ್ಲಿ ಜಪಾನಿನಲ್ಲಿ ಗೇಮ್ ಬಾಯ್ ಬಿಡುಗಡೆಯಾದ ದಿನವೇ ಬಂದ ಆಟ.

ಮೊದಲ ತೊಂದರೆ ಬೆಳಕಿನದು. ಆ ಪರದೆಗೆ ಸ್ವಂತ ಬೆಳಕಿಲ್ಲ. 160 ಅಡ್ಡ 144 ಚುಕ್ಕಿ, ಮಾಸಿದ ಹಸಿರಿನ ನಾಲ್ಕೇ ನಾಲ್ಕು ಛಾಯೆ. ಚಾಳೀಸು ಹಾಕಿಕೊಂಡರೂ ಅದು ಮಾರಿಯೋನೋ ಪರದೆ ಮೇಲಿನ ಧೂಳೋ ಗೊತ್ತಾಗುವುದಿಲ್ಲ. ನಮ್ಮ ಮನೆಯಲ್ಲಿ ಒಳ್ಳೇ ಬೆಳಕಿರುವುದು ಬೀದಿ ಕಡೆ ಕಿಟಕಿಯಲ್ಲಿ. ಅಲ್ಲೇ ಕೂತೆ.

ಆಡುವಾಗ ನನ್ನ ತಲೆ ಸುಮ್ನಿರುವುದಿಲ್ಲ. ಮಾರಿಯೋ ನೆಗೆದರೆ ಅದೂ ನೆಗೆಯುತ್ತದೆ. ಈ ಆಟದಲ್ಲಿ ನೆಗೆತ ಚೆನ್ನಾಗಿದೆ, ಇಳಿಯುವುದೇ ಕಷ್ಟ. ಕಟ್ಟೆ ಅಂಚಿನಿಂದ ಒಂದು ಹೆಜ್ಜೆ ಆಚೆ ಇಟ್ಟರೆ ದಬಕ್ಕಂತ ನೇರ ಕೆಳಗೆ. ಆಗ ನನ್ನ ಕತ್ತೂ ಕೆಳಗೆ. ತರಕಾರಿ ಗಾಡಿಯವನು ಕಿಟಕಿಯಾಚೆ ನಿಂತು "ಎರಡು ಕೆಜಿ ಹಾಕ್ಲಾ?" ಎಂದಿದ್ದಾನೆ. ತಲೆ ಆಡಿತು. "ಇನ್ನೊಂದು ಕೆಜಿ?" ಅದಕ್ಕೂ ಆಡಿತು. ಆ ವಾರ ಹೀರೇಕಾಯಿ ಪಲ್ಯ, ಹೀರೇಕಾಯಿ ಬಜ್ಜಿ, ಹೀರೇಕಾಯಿ ಸಿಪ್ಪೆ ಚಟ್ನಿ. ಹೆಂಡತಿ ತರಕಾರಿಯವನನ್ನು ಬೈಯಲಿಲ್ಲ.

ಎರಡನೆಯದು, ಇದರಲ್ಲಿ ಸೇವ್ ಮಾಡುವ ವ್ಯವಸ್ಥೆಯೇ ಇಲ್ಲ. ಆಫ್ ಮಾಡಿದರೆ ಗಳಿಸಿದ್ದೆಲ್ಲ ಹೋಯಿತು. ಇರುವುದು ನಾಲ್ಕು ಲೋಕ, ಹನ್ನೆರಡು ಹಂತ. ಕೈ ಪಳಗಿದವರು ಗಂಟೆಯೊಳಗೆ ಮುಗಿಸುತ್ತಾರಂತೆ. ಆದರೆ ನಮ್ಮ ಮನೆಯಲ್ಲಿ ಯಾರಿಗೂ ಒಂದು ಗಂಟೆ ಒಟ್ಟಿಗೆ ಸಿಕ್ಕಿದ್ದೇ ಇಲ್ಲವಲ್ಲ. ಹಾಲು ಉಕ್ಕುತ್ತದೆ, ಕೊರಿಯರ್ ಬರುತ್ತದೆ. ಆಟವನ್ನು ನಡುವೆ ತಡೆದಿಟ್ಟು ಎದ್ದು ಹೋದರೂ ಯಂತ್ರ ನಾಲ್ಕು ಪೆನ್ಸಿಲ್ ಸೆಲ್ಲನ್ನು ನೆಕ್ಕುತ್ತಲೇ ಇರುತ್ತದೆ. ಒಂದು ಸಂಜೆ ಸೆಲ್ ಸತ್ತಾಗ ಗೋಡೆ ಗಡಿಯಾರದ್ದು ಒಂದು, ಅಪ್ಪನ ಟ್ರಾನ್ಸಿಸ್ಟರಿನದ್ದು ಎರಡು, ಟಿವಿ ರಿಮೋಟಿನದ್ದು ಒಂದು ಸೇರಿಸಿದೆ. ಮನೆಯಲ್ಲಿ ಹೊತ್ತು, ಸುದ್ದಿ, ಧಾರಾವಾಹಿ ಮೂರೂ ಒಟ್ಟಿಗೆ ನಿಂತವು. ಧಾರಾವಾಹಿ ನಿಂತದ್ದಕ್ಕೆ ಮಾತ್ರ ವಿಚಾರಣೆ ನಡೆಯಿತು.

ಬೇರೆ ಮಾರಿಯೋ ಆಟ ಆಡಿದವರಿಗೆ ಇಲ್ಲಿ ಇನ್ನೊಂದು ಪೆಟ್ಟಿದೆ. ಅಲ್ಲಿ ಆಮೆಯನ್ನು ತುಳಿದರೆ ಚಿಪ್ಪು ಸಿಗುತ್ತದೆ, ಒದ್ದು ಉರುಳಿಸಬಹುದು. ಇಲ್ಲಿ ತುಳಿದ ಚಿಪ್ಪು ಬಾಂಬು! ಒದೆಯೋಣ ಅಂತ ಪಕ್ಕದಲ್ಲೇ ನಿಂತರೆ ಢಂ. ರಾಜಕುಮಾರಿ ಡೇಸಿಯದು ಇನ್ನೂ ಮೋಸ. ಸಿಂಹದಂಥ ಬೆಂಕಿ ಉಗುಳುವ ಪ್ರಾಣಿಯನ್ನು ದಾಟಿ ಹತ್ತಿರ ಹೋದರೆ ಅವಳು ಅವಳಲ್ಲವೇ ಅಲ್ಲ, ಥೇಟ್ ಮಾಯಾಜಿಂಕೆ. ಬೇರೇನೋ ಆಗಿ ಓಡಿಹೋಗುತ್ತಾಳೆ. ನಿಜವಾದವಳು ಸಿಗುವುದು ಕೊನೆಯಲ್ಲೇ, ತತಾಂಗ ಎಂಬ ಅನ್ಯಗ್ರಹದವನನ್ನು ವಿಮಾನದಲ್ಲಿ ಕೂತು ಹೊಡೆದ ಮೇಲೆ. ಹೌದು, ಓಡಿ ನೆಗೆಯುವ ಆಟದ ನಡುವೆ ಒಮ್ಮೆ ಜಲಾಂತರ್ಗಾಮಿ, ಇನ್ನೊಮ್ಮೆ ವಿಮಾನ. ಯಾಕೆ ಎಂದು ಕೇಳಬಾರದು. ನನ್ನ ಲೆಕ್ಕದಲ್ಲಿ ಇಡೀ ಆಟದಲ್ಲಿ ಅತಿ ಮಜಾ ಇರುವುದು ಅಲ್ಲೇ. ಹಿರೋಕಾಜು ತನಾಕಾ ಅವರ ಸಂಗೀತವೂ ಅಷ್ಟೇ, ಅಂಟಿಕೊಂಡರೆ ಬಿಡದು. ಅಮ್ಮ ಹೂ ಕಟ್ಟುತ್ತಾ ಅದನ್ನೇ ಗುನುಗುತ್ತಿದ್ದಳು. ಯಾವ ದೇವರನಾಮ ಅಂತ ಪಕ್ಕದ ಮನೆಯವರು ಕೇಳಿದರಂತೆ.

ಆಟದ ನಿಜವಾದ ಬಲ ಕಂಡುಹಿಡಿದದ್ದು ಬ್ಯಾಂಕಿನಿಂದ ನಿವೃತ್ತರಾದ ಅಪ್ಪ. ಹೂ ಸಿಕ್ಕಾಗ ಇಲ್ಲಿ ಮಾರಿಯೋಗೆ ಬೇರೆ ಮಾರಿಯೋ ಆಟಗಳ ಹಾಗೆ ಎಸೆಯಲು ಬೆಂಕಿ ಬರುವುದಿಲ್ಲ, ಪುಟಿಯುವ ಚೆಂಡು ಬರುತ್ತದೆ. ಅದು ಗೋಡೆಗೆ, ನೆಲಕ್ಕೆ ಓರೆಯಾಗಿ ಬಡಿದು ಬಡಿದು ನಾಣ್ಯವನ್ನೂ ಬಾಚುತ್ತದೆ. ನೂರು ನಾಣ್ಯಕ್ಕೆ ಒಂದು ಜೀವ. ಅಪ್ಪನಿಗೆ ಡೇಸಿ ಬೇಡ, ತತಾಂಗ ಬೇಡ. ಒಂದು ಮೂಲೆಯಲ್ಲಿ ಬಂದೋಬಸ್ತಾಗಿ ನಿಂತು ಚೆಂಡು ಎಸೆಯುವುದು, ನಾಣ್ಯ ಎಣಿಸುವುದು. ಮೇಲ್ಗಡೆ ಸಮಯ ಇಳಿಯುತ್ತಿತ್ತು. "ಅಪ್ಪಾ, ಟೈಮ್ ಮುಗೀತಾ ಬಂತು, ಓಡಿ" ಎಂದೆ.

"ಸುಮ್ನಿರೋ, ಇನ್ನೂ ಎರಡು ಬಾಕಿ ಇದೆ" ಎಂದರು. ಮಾರಿಯೋ ಅಲ್ಲೇ ಸತ್ತ. ಅಪ್ಪ ಕನ್ನಡಕ ಒರೆಸಿಕೊಂಡು ಕೇಳಿದರು: "ಹಾಗಾದ್ರೆ ಆ ತೊಂಬತ್ತೆಂಟು ಯಾರ ಖಾತೆಗೆ ಹೋಯ್ತು?"