ಟೈಮಿಂಗ್ ಬೆಲ್ಟ್ ಬಿಚ್ಚಿದಾಗಲೇ ಪಂಪೂ ಬದಲಾಗಲಿ

ಇಂಜಿನ್ ತಂಪಾಗಿಡುವ ದ್ರವವನ್ನು (ಕೂಲೆಂಟ್) ಓಡಿಸುವ ಕಾರಿನ ವಾಟರ್ ಪಂಪ್ ಸೋರಿದ ಮೇಲೆ ಬದಲಿಸಿದರೆ ಸಾಕು ಎಂದು ನಿಮ್ಮ ಲೇಖನದಲ್ಲಿದೆ. ನಮ್ಮ ಕೊಡಗಿನ ರಸ್ತೆಗಳಿಗೆ ಈ ಮಾತು ಹೊಂದುವುದಿಲ್ಲ ಸರ್.

ಹೋದ ಮಳೆಗಾಲ ಸಂಪಾಜೆಯಿಂದ ಮಡಿಕೇರಿಗೆ ಘಾಟಿ ಹತ್ತುವಾಗ ನನ್ನ ಹಳೇ ಡೀಸೆಲ್ ಕಾರಿನ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯಿತು. ಹಿಂದಿನ ಸೀಟಿನಲ್ಲಿ ಅವ್ವ, ಹೊರಗೆ ಜಡಿಮಳೆ, ಫೋನಿಗೆ ಸಿಗ್ನಲ್ ಇಲ್ಲ. ಅದಕ್ಕೂ ಎರಡು ವಾರ ಮೊದಲೇ ಶೆಡ್ಡಿನ ನೆಲದಲ್ಲಿ ಹಸಿರು ಹನಿಗಳನ್ನು ನೋಡಿದ್ದೆ, ಎಸಿ ನೀರೆಂದು ಸುಮ್ಮನಾಗಿದ್ದೆ. ಎಸಿ ನೀರಿಗೆ ಬಣ್ಣವಿರುವುದಿಲ್ಲ, ಅದು ಸೋರಿದ ಕೂಲೆಂಟ್. ಪಂಪಿನ ಸೀಲ್ ಸವೆದರೆ ಕೂಲೆಂಟ್ ಬೇರಿಂಗಿಗೆ ನುಗ್ಗದೆ ಹೊರಬರಲೆಂದೇ ಅದರ ಬಾಡಿಯಲ್ಲಿ ಸಣ್ಣ ತೂತು ಇಟ್ಟಿರುತ್ತಾರೆ. ಅಲ್ಲಿ ಒಣಗಿದ ಕಲೆ ಕಂಡರೂ ತಡಮಾಡಬೇಡಿ.

ಪಂಪ್ ತಿರುಗುವುದು ಟೈಮಿಂಗ್ ಬೆಲ್ಟಿನಿಂದಲೋ (ಪಿಸ್ಟನ್, ವಾಲ್ವುಗಳ ಓಟವನ್ನು ಹೊಂದಿಸುವ ಒಳಗಿನ ಬೆಲ್ಟ್) ಹೊರಗಿನ ಬೆಲ್ಟಿನಿಂದಲೋ ಎಂದು ಮೆಕ್ಯಾನಿಕ್ಕನ್ನು ಕೇಳಿ. ಟೈಮಿಂಗ್ ಬೆಲ್ಟಾದರೆ, ಅದನ್ನು ಬದಲಿಸುವಾಗಲೇ ಪಂಪನ್ನೂ ಹಾಕಿಸಿ. ಬಿಚ್ಚುವ ಕೂಲಿ ಹೇಗೂ ಒಂದೇ. ಬೇರಿಂಗ್ ಜಾಮ್ ಆಗಿ ಬೆಲ್ಟ್ ಹರಿದರೆ ಅನೇಕ ಇಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ. ಆಮೇಲಿನ ಖರ್ಚಿನ ಮುಂದೆ ಪಂಪಿನ ಬೆಲೆ ಏನೂ ಅಲ್ಲ.

ಇನ್ನೊಂದು, ಕೂಲೆಂಟ್ ಬದಲು ರೇಡಿಯೇಟರಿಗೆ ತೋಟದ ತೋಡಿನ ನೀರು ತುಂಬಿಸುವ ಅಭ್ಯಾಸ ದಯವಿಟ್ಟು ಬಿಡಿ. ತುಕ್ಕು ಹಿಡಿದು ಪಂಪಿನ ರೆಕ್ಕೆಗಳು ತಿಂದುಹೋಗುತ್ತವೆ. ಮಡಿಕೇರಿಯ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಒತ್ತಡವಿದ್ದರೆ ಕುದಿಯುವುದು ತಡ, ಹಾಗಾಗಿ ಆ ಒತ್ತಡ ಹಿಡಿಯುವ ರೇಡಿಯೇಟರ್ ಮುಚ್ಚಳವೂ ಗಟ್ಟಿಯಿರಬೇಕು. ಇಂಜಿನ್ ಬಿಸಿಯಿರುವಾಗ ಮಾತ್ರ ಅದನ್ನು ಯಾರೂ ತೆರೆಯಬೇಡಿ.