"ಜನರಲ್ ಆಗ್ಲಿಲ್ವಾ?" ಅಂತ ಕೇಳುವ ಮೊದಲು

ನಮ್ಮ ಉಡುಪಿ, ಮಂಗಳೂರು ಕಡೆ ಸೇನೆಯಿಂದ ಕರ್ನಲ್ ಆಗಿ ನಿವೃತ್ತರಾಗಿ ಬಂದವರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. "ಎಂತ ಮಾರಾಯ್ರೆ, ಜನರಲ್ ಆಗ್ಲಿಲ್ವಾ?" ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೂ ಇದು ಅನ್ಯಾಯದ ಪ್ರಶ್ನೆ.

ತಪ್ಪು ನಮ್ಮ ಊರಿನ ಲೆಕ್ಕಾಚಾರದ್ದು. ನಮ್ಮದು ಬ್ಯಾಂಕುಗಳ ನಾಡು. ಕಾರ್ಪೊರೇಷನ್ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಉಡುಪಿಯಲ್ಲಿ ಹುಟ್ಟಿದವು. ಕೆನರಾ, ಕರ್ಣಾಟಕ, ವಿಜಯಾ ಬ್ಯಾಂಕ್‌ಗಳು ಮಂಗಳೂರಿನವು. ಎಜಿಎಂ, ಡಿಜಿಎಂ, ಜಿಎಂ (ಜನರಲ್ ಮ್ಯಾನೇಜರ್) ಅಂದರೆ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅದೇ ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತಿ ನೋಡಿ. ಅದು ಕೊಡಗು, ಸೇನಾ ಮುಖ್ಯಸ್ಥರಾದ ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಜಿಲ್ಲೆ. ಬ್ರಿಗೇಡಿಯರ್‌ಗೂ ಮೇಜರ್ ಜನರಲ್‌ಗೂ ಎಷ್ಟು ಅಂತರ ಅಂತ ಅಲ್ಲಿ ಅಜ್ಜಿಯಂದಿರೂ ಹೇಳುತ್ತಾರೆ. ಘಾಟಿ ಕೆಳಗಿನ ನಾವು ಮಾತ್ರ ಸೇನೆಯನ್ನೂ ಬ್ಯಾಂಕಿನ ಕಣ್ಣಲ್ಲೇ ನೋಡುತ್ತೇವೆ. ವರ್ಷ ಆದ ಹಾಗೆ ಪ್ರಮೋಷನ್ ಬರಬೇಕು. ಬರಲಿಲ್ಲ ಅಂದರೆ ಏನೋ ಎಡವಟ್ಟು ಮಾಡಿಕೊಂಡಿರಬೇಕು!

ಲೆಫ್ಟಿನೆಂಟ್ ಕರ್ನಲ್ ತನಕ ಹೆಚ್ಚುಕಡಿಮೆ ಹಾಗೇ ನಡೆಯುತ್ತದೆ. 13 ವರ್ಷ ಸರಿಯಾಗಿ ಸೇವೆ ಮಾಡಿದರೆ ಆ ಹುದ್ದೆ ಸಿಗುತ್ತದೆ. ಅಲ್ಲಿಂದ ಮೇಲೆ ಪ್ರತಿ ಮೆಟ್ಟಿಲಿಗೂ ಸೆಲೆಕ್ಷನ್ ಬೋರ್ಡ್. ಕರ್ನಲ್‌ಗೆ ಒಂದು, ಬ್ರಿಗೇಡಿಯರ್‌ಗೆ ಒಂದು, ಮೇಜರ್ ಜನರಲ್‌ಗೆ ಒಂದು, ಲೆಫ್ಟಿನೆಂಟ್ ಜನರಲ್‌ಗೆ ಇನ್ನೊಂದು. ಪೈಪೋಟಿ ಬೇರೆ ಯಾರ ಜೊತೆಗೂ ಅಲ್ಲ, ಒಟ್ಟಿಗೆ ಟ್ರೈನಿಂಗ್ ಮಾಡಿದ ನಿಮ್ಮದೇ ಬ್ಯಾಚ್‌ನವರ ಜೊತೆ. ಕುರ್ಚಿ ಕಡಿಮೆ, ಯೋಗ್ಯರು ಜಾಸ್ತಿ.

ಇದರ ಮೇಲೆ ವಯಸ್ಸಿನ ಲೆಕ್ಕ. ಕರ್ನಲ್ 54ಕ್ಕೆ ನಿವೃತ್ತಿ, ಬ್ರಿಗೇಡಿಯರ್ 56ಕ್ಕೆ, ಮೇಜರ್ ಜನರಲ್ 58ಕ್ಕೆ, ಲೆಫ್ಟಿನೆಂಟ್ ಜನರಲ್ 60ಕ್ಕೆ. ಮೇಲಿನ ಕುರ್ಚಿ ಖಾಲಿಯಾಗುವ ಮೊದಲೇ ನಿಮ್ಮ ವಯಸ್ಸು ದಾಟಿದರೆ ಕತೆ ಮುಗಿಯಿತು. ಎಷ್ಟೋ ಸಲ ತಡವಾಗಿ ಹುಟ್ಟಿದವನಿಗೆ ಅದೃಷ್ಟ. ಸೇನಾ ಮುಖ್ಯಸ್ಥರಾಗಿದ್ದ ಜನರಲ್ ವಿ.ಕೆ. ಸಿಂಗ್ ಹುಟ್ಟಿದ್ದು 1950ರಲ್ಲೋ 1951ರಲ್ಲೋ ಎನ್ನುವ ಜಗಳ 2012ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ್ದು ಸುಮ್ನೆ ಅಲ್ಲ.

ನಮ್ಮ ಚಿಕ್ಕಪ್ಪ ಆರ್ಟಿಲರಿಯವರು. ಅರುಣಾಚಲದ ತವಾಂಗ್ ಕಡೆ ರೆಜಿಮೆಂಟ್ ಕಮಾಂಡ್ ಮಾಡಿ, ಕರ್ನಲ್ ಆಗಿಯೇ ನಿವೃತ್ತರಾದರು. ಕುಂಜಿಬೆಟ್ಟಿನ ಒಂದು ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ ಕೂತಿದ್ದಾಗ ಪಕ್ಕದವರು ಇದೇ ಪ್ರಶ್ನೆ ಎತ್ತಿದರು. ಚಿಕ್ಕಪ್ಪ ಅನ್ನದ ಗುಡ್ಡೆ ನಡುವೆ ಗುಂಡಿ ಮಾಡುತ್ತಾ "ಸೀಟ್ ಇರ್ಲಿಲ್ಲ" ಅಂದರು. ಆಮೇಲೆ ಸಾರಿನವನನ್ನು ಕೂಗಿದರು. ಪಕ್ಕದವರಿಗೆ ಅಷ್ಟಕ್ಕೆ ಸಮಾಧಾನ ಆಗಲಿಲ್ಲ. "ನಮ್ಮ ಭಾವ ನೋಡಿ, ಕ್ಲಾರ್ಕ್ ಆಗಿ ಸೇರಿ ಜಿಎಂ ಆದ್ರು" ಅಂತ ಶುರು ಮಾಡಿದರು. ಪಾಯಸ ಬರುವ ತನಕ ಭಾವನದ್ದೇ ಕತೆ.

ತವಾಂಗ್ ಬರುವುದು ತೇಜ್‌ಪುರದ ನಾಲ್ಕನೇ ಕೋರ್ ಕೆಳಗೆ. ಕೋರ್ ಅಂದರೆ ಸಾಮಾನ್ಯವಾಗಿ ಕೆಲವು ಡಿವಿಷನ್‌ಗಳು, ಹತ್ತಾರು ಸಾವಿರ ಸೈನಿಕರು. ಅದರ ಮುಖ್ಯಸ್ಥ ಲೆಫ್ಟಿನೆಂಟ್ ಜನರಲ್. ಹೆಗಲ ಮೇಲೆ ಅಡ್ಡಡ್ಡ ಇಟ್ಟ ಕತ್ತಿ ಮತ್ತು ದಂಡ, ಮೇಲೆ ಅಶೋಕ ಸಿಂಹ. ಕಾಲರ್‌ನ ಕೆಂಪು ಪಟ್ಟಿಯಲ್ಲಿ ಮೂರು ನಕ್ಷತ್ರ. ಈ ಒಂದೇ ಕೋರ್‌ನ ಇತಿಹಾಸ ಓದಿದರೆ ಸಾಕು, ನಕ್ಷತ್ರ ಎಣಿಸುವ ಚಟ ಬಿಟ್ಟುಹೋಗುತ್ತದೆ.

1962ರ ಅಕ್ಟೋಬರ್‌ನಲ್ಲಿ ಈ ಕೋರ್‌ಗೆ ಬಂದವರು ಲೆಫ್ಟಿನೆಂಟ್ ಜನರಲ್ ಬಿ.ಎಂ. ಕೌಲ್. ಯುದ್ಧದಲ್ಲಿ ಕಾಲಾಳು ಪಡೆ ನಡೆಸಿದ ಅನುಭವ ಇಲ್ಲ, ದಿಲ್ಲಿಯಲ್ಲಿ ಪ್ರಭಾವ ಮಾತ್ರ ಬೇಕಾದಷ್ಟು. 1959ರಲ್ಲಿ ನಮ್ಮ ತಿಮ್ಮಯ್ಯನವರು ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಜಗಳವಾಗಿ ರಾಜೀನಾಮೆ ಕೊಟ್ಟಿದ್ದರಲ್ಲ, ಅದರ ಹಿಂದೆ ಕೌಲ್ ಅವರ ಬಡ್ತಿಯ ವಿಷಯವೂ ಇತ್ತು. ನೆಹರೂ ಮಾತಿಗೆ ತಿಮ್ಮಯ್ಯ ರಾಜೀನಾಮೆ ವಾಪಸ್ ತೆಗೆದುಕೊಂಡರು. ತೆಗೆದುಕೊಳ್ಳಬಾರದಿತ್ತು ಅಂತ ನನಗೆ ಈಗಲೂ ಅನಿಸುತ್ತದೆ. ಮುಂದೆ ಚೀನಾ ಮೇಲೆ ಬೀಳುವ ಹೊತ್ತಿಗೆ ಕೌಲ್ ಕಾಯಿಲೆ ಬಿದ್ದರು. ದಿಲ್ಲಿಯ ಮನೆಯ ಹಾಸಿಗೆಯಿಂದಲೇ ಕೋರ್‌ಗೆ ಆದೇಶ ಕೊಡುತ್ತಿದ್ದರು.

ಒಂಬತ್ತು ವರ್ಷ ಬಿಟ್ಟು, 1971ರ ಬಾಂಗ್ಲಾ ಯುದ್ಧ. ಅದೇ ನಾಲ್ಕನೇ ಕೋರ್, ಅದೇ ಲೆಫ್ಟಿನೆಂಟ್ ಜನರಲ್ ಹುದ್ದೆ. ಈಗ ಅಲ್ಲಿದ್ದವರು ಸಗತ್ ಸಿಂಗ್. ಆಶುಗಂಜ್‌ನಲ್ಲಿ ಮೇಘನಾ ನದಿಯ ಸೇತುವೆಯನ್ನು ಪಾಕಿಸ್ತಾನದವರು ಒಡೆದುಹಾಕಿದ್ದರು. ಸಗತ್ ಕಾಯುತ್ತಾ ಕೂರಲಿಲ್ಲ. ಡಿಸೆಂಬರ್ 9ರಿಂದ ಹೆಲಿಕಾಪ್ಟರ್‌ಗಳಲ್ಲಿ ಸೈನಿಕರನ್ನು ಆಚೆ ದಡಕ್ಕೆ ಸಾಗಿಸಿದರು. ಒಂದೇ ವಾರ, 16ಕ್ಕೆ ಢಾಕಾ ಶರಣಾಯಿತು. ಇಷ್ಟು ಮಾಡಿದ ಸಗತ್ ಸಿಂಗ್ ಕೋರ್‌ಗಳ ಮೇಲಿನ ಆರ್ಮಿ ಕಮಾಂಡರ್ ಆಗಲೇ ಇಲ್ಲ. ಲೆಫ್ಟಿನೆಂಟ್ ಜನರಲ್ ಆಗಿಯೇ ಮನೆಗೆ ಹೋದರು. ನಮ್ಮ ಮದುವೆ ಹಾಲ್‌ಗೆ ಬಂದಿದ್ದರೆ "ಎಂತ, ಚೀಫ್ ಆಗ್ಲಿಲ್ವಾ?" ಅಂತ ಅವರನ್ನೂ ಕೇಳುತ್ತಿದ್ದೆವು, ಅಲ್ವಾ?

ಜನರಲ್‌ಗಳ ಬಗ್ಗೆ ನನಗೆ ತಾತ್ಸಾರ ಇಲ್ಲ. ಅಷ್ಟು ಜರಡಿ ದಾಟಿ ಮೇಲೆ ಹೋಗುವುದು ಸಣ್ಣ ಮಾತಲ್ಲ. ನನ್ನ ತಕರಾರು ನಮ್ಮ ಸ್ಟೇಜ್‌ಗಳ ಬಗ್ಗೆ. ಜುಲೈ 26, ಕಾರ್ಗಿಲ್ ವಿಜಯ ದಿನ ಬಂದರೆ ಕದ್ರಿಯ ಯುದ್ಧ ಸ್ಮಾರಕಕ್ಕೆ ಹೂವಿಟ್ಟು ಫೋಟೋ ಹಾಕುತ್ತೇವೆ. ಕಾರ್ಯಕ್ರಮಕ್ಕೆ ಅತಿಥಿ ಬೇಕಾದಾಗ ಮಾತ್ರ ದೊಡ್ಡ ಹುದ್ದೆ ಹುಡುಕುತ್ತೇವೆ. ಕಾರ್ಗಿಲ್‌ನಲ್ಲಿ ಬೆಟ್ಟ ಹತ್ತಿದ್ದು ಹೆಚ್ಚಿನಂಶ ಜವಾನರು, ಹವಾಲ್ದಾರರು, ಮೇಜರ್‌ಗಿಂತ ಕೆಳಗಿನ ಹುಡುಗರು.

ಕಳೆದ ವರ್ಷ ಒಂದು ಶಾಲೆಯವರು ಚಿಕ್ಕಪ್ಪನಿಗೆ ಫೋನ್ ಮಾಡಿದ್ದರು. "ಸರ್, ನಿಮ್ಮ ಪರಿಚಯದ ಲೆಫ್ಟಿನೆಂಟ್ ಜನರಲ್ ಯಾರಾದ್ರೂ ಇದ್ರೆ ಹೇಳಿ, ಕಾರ್ಡ್ ಪ್ರಿಂಟ್‌ಗೆ ಹೋಗ್ಬೇಕು." ಕಾರ್ಕಳದ ಹತ್ತಿರ ಒಬ್ಬರು ಸುಬೇದಾರ್ ಇದ್ದಾರೆ, ಕಾರ್ಗಿಲ್‌ನಲ್ಲಿ ಇದ್ದವರು, ಮಕ್ಕಳಿಗೆ ಚೆಂದ ಮಾತಾಡುತ್ತಾರೆ ಅಂತ ಚಿಕ್ಕಪ್ಪ ನಂಬರ್ ಕೊಟ್ಟರು. ಕಾರ್ಯಕ್ರಮ ಆದ ಮೇಲೆ ವಿಚಾರಿಸಿದರೆ, ಸುಬೇದಾರರಿಗೆ ಕರೆಯೇ ಹೋಗಿರಲಿಲ್ಲ. ಮುಖ್ಯ ಅತಿಥಿಯಾಗಿ ಒಬ್ಬರು ಬ್ಯಾಂಕ್ ಜಿಎಂ ಬಂದಿದ್ದರಂತೆ.